ಅಕ್ಕನ ಪಾಯದಲ್ಲಿ ಸಿಕ್ಕ ಕಾಸುಗಳು

ನನ್ನ ಅಕ್ಕನಿಗೆ ಒಂದು ಸ್ವಂತ ಮನೆ ಬೇಕಾಗಿತ್ತು. ತಮಿಳುನಾಡಿನ ಗಡಿಯೊಳಗಿರುವ ಕೆಲಮಂಗಲದ ಪಕ್ಕದ ಹಳ್ಳಿಗೆ ಮದುವೆಯಾಗಿ ಹೋದಾಗಿನಿಂದ ಅವಳು ಭಾವನ ಅಣ್ಣನ ಸಂಸಾರದ ಜೊತೆ ಒಂದೇ ಸೂರಿನಡಿ ಇದ್ದಳು. ಜಗಳವೇನೂ ಇರಲಿಲ್ಲ. ಆದರೆ ಅಡುಗೆಮನೆ ಒಂದೇ, ಅದಕ್ಕೆ ಕಿಟಕಿಯಿಲ್ಲ. ಓರಗಿತ್ತಿ ಮುದ್ದೆ ಇಳಿಸಿ ಹೊರಗೆ ಬರುವವರೆಗೆ ಅಕ್ಕ ಸೊಪ್ಪು ಬಿಡಿಸಿಕೊಂಡು ಬಾಗಿಲಲ್ಲಿ ಕೂತಿರಬೇಕು. ಮಕ್ಕಳು ದೊಡ್ಡವರಾದರೂ ಆ ಸರದಿ ಬದಲಾಗಲಿಲ್ಲ. ಕೊನೆಗೆ ಭಾವ ಒಪ್ಪಿದರು. ರಸ್ತೆ ಪಕ್ಕದ ಹೊಲದಲ್ಲಿ ಟೊಮೇಟೊ ಕಿತ್ತಾದ ಮೇಲೆ ಒಂದು ಮೂಲೆಯನ್ನು ಮನೆಗೆಂದು ಬಿಟ್ಟುಕೊಟ್ಟರು. ಜಲ್ಲಿ ಬಂತು, ಸಿಮೆಂಟು ಬಂತು, ಮೇಸ್ತ್ರಿ ಬಂದು ಪಾಯ ತೋಡಿಸಲು ಶುರು ಮಾಡಿದ.

ಆ ಪಾಯದಲ್ಲಿ ಕಾಸು ಸಿಕ್ಕವು. ನಾನು ಆಗ ಹೊಸೂರಿನ ಫ್ಯಾಕ್ಟರಿಯಲ್ಲಿ ಫಸ್ಟ್ ಶಿಫ್ಟಿನಲ್ಲಿದ್ದೆ. ಊಟದ ಹೊತ್ತಿಗೆ ಫೋನ್ ತೆಗೆದರೆ ಅಕ್ಕ ಒಂದು ಫೋಟೋ ಕಳಿಸಿದ್ದಳು. ಹಿತ್ತಾಳೆ ತಟ್ಟೆಯಲ್ಲಿ ಹುಣಸೆ ಬೀಜದಷ್ಟು ಗಾತ್ರದ ತಾಮ್ರದ ಬಿಲ್ಲೆಗಳು, ಒಂದೊಂದರ ಮೇಲೂ ಅರಿಶಿನ ಕುಂಕುಮ, ಪಕ್ಕದಲ್ಲಿ ಸೇವಂತಿಗೆ. ಕ್ಯಾಂಟೀನಿನಿಂದ ಹೊರಗೆ ಬಂದು ಫೋನ್ ಮಾಡಿದೆ.

“ಲಕ್ಸ್ಮಿ ಬಂದವ್ಳೆ ಕಣ್ಲಾ!” ಎಂದಳು. “ಪಾಯ್ದಾಗೆ ಸಿಕ್ತು. ಮೇಸ್ತ್ರಿ ಎಲ್ಲಾನೂ ಎತ್ತಿಕೊಟ್ಟ. ಒಂದೂ ಮಡಿಕ್ಕಳ್ಳಿಲ್ಲ ಪಾಪ.”

“ಯಾಕಕ್ಕ ಇಷ್ಟೊಂದ್ ಒಳೀತಾವೆ?”

“ಹುಣ್ಸೆಹಣ್ಣಾಕಿ ಉಜ್ದೆ. ಮಣ್ಣು ಪಾಚಿ ಎಲ್ಲಾ ಮೆತ್ಕಂಡಿತ್ತು. ದೇವ್ರ ಮುಂದೆ ಕೊಳಕಾಗಿ ಇಕ್ಕಕ್ಕಾಯ್ತದಾ?”

ನಮ್ಮ ಕಡೆ ತಾಮ್ರ, ಹಿತ್ತಾಳೆ ಯಾವುದೇ ಇರಲಿ, ಮಣ್ಣಿನಿಂದ ಬಂದರೂ ಅಟ್ಟದಿಂದ ಇಳಿದರೂ ಮೊದಲು ಹುಣಸೆಹಣ್ಣು ಕಾಣಬೇಕು. ಆಮೇಲೆ ಕುಂಕುಮ, ಆಮೇಲೆ ದೇವರ ಮೂಲೆ. ಬೇರೆ ಕಡೆಯವರಾಗಿದ್ದರೆ ಆ ಕಾಸುಗಳನ್ನು ಹಾಗೇ ಕಾಗದದಲ್ಲಿ ಸುತ್ತಿಡುತ್ತಿದ್ದರೋ ಏನೋ. ಅಕ್ಕ ಮರ್ಯಾದೆಯಿಂದ ತೊಳೆದಳು. ಅವಳು ಪಾಚಿ ಎಂದದ್ದು ತಾಮ್ರದ ಹಸಿರು ಕಿಲುಬು. ಆ ಕಿಲುಬಿನಲ್ಲಿ ಕಾಸು ಮಲಗಿದ್ದ ಮಣ್ಣು ಅಂಟಿಕೊಂಡಿರುತ್ತದೆ. ಕಾಸು ಎಲ್ಲಿಂದ ಬಂತು ಎನ್ನುವುದಕ್ಕೆ ಎಷ್ಟೋ ಸಲ ಅದೊಂದೇ ಸಾಕ್ಷಿ.

ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಹೇಳಬೇಕು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಫ್ಯಾಕ್ಟರಿಯಲ್ಲಿ ಹೆಲ್ಪರ್ ಆಗಿ ಸೇರಿ, ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡ ಮೇಲೆ ಹತ್ತನೆಯದನ್ನು ಕಟ್ಟಿ, ಅಂಚೆ ಮೂಲಕ ಬಿಎ ಮಾಡಿ, ಈಗ ಅದೇ ರೀತಿ ಇತಿಹಾಸದಲ್ಲಿ ಎಂಎ ಓದುತ್ತಿದ್ದೇನೆ. ಮತ್ತಿಗಿರಿಯ ನನ್ನ ಬಾಡಿಗೆ ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತೇನೆ, ಅದಕ್ಕೇ ನನ್ನ ವಾಕ್ಯಗಳು ಸಣ್ಣವು.

ನನಗೆ ಕಾಸುಗಳ ಪಾಠ ಹೇಳಿದವರು ಕೃಷ್ಣಗಿರಿಯಲ್ಲಿರುವ ಒಬ್ಬ ಮೇಡಮ್. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಅವರ ಮನೆಮಾತು ತಮಿಳು. ನನ್ನ ಜೊತೆ ಕನ್ನಡ ಆಡುತ್ತಾರೆ, ನಡುವೆ ತಮಿಳು ತಾನಾಗಿ ಬಂದು ಸೇರಿಕೊಳ್ಳುತ್ತದೆ. ಯಾವ ಊರಿಗೆ ಹೋದರೂ ರೋಮಿನವರು ಬಿಟ್ಟುಹೋದ ಕಾಸುಗಳನ್ನು ನೋಡಿ ಬರುವುದು ಅವರ ಅಭ್ಯಾಸ. ತಮಿಳುನಾಡಿನ ನದಿಪಾತ್ರಗಳಲ್ಲಿ, ಹಳೇ ಊರುಗಳ ದಿಬ್ಬಗಳಲ್ಲಿ ಅವು ಆಗಾಗ ಸಿಗುತ್ತವೆ. ವ್ಯಾಪಾರಕ್ಕೆ ಬಂದವು. ಚಿನ್ನ ಬೆಳ್ಳಿಯವು ಹೆಚ್ಚಾಗಿ ಮಡಕೆಯಲ್ಲಿ ಒಟ್ಟಿಗೆ ಸಿಗುತ್ತವೆ, ಯಾರೋ ಬೇಕೆಂದೇ ಹೂತಿಟ್ಟವು. ಸಣ್ಣ ತಾಮ್ರದವು ಚೆಲ್ಲಾಪಿಲ್ಲಿಯಾಗಿ ಸಿಗುತ್ತವೆ, ಯಾರದೋ ಕೈಜಾರಿ ಬಿದ್ದವು. ಹೂತಿಟ್ಟದ್ದು ಹೇಳುವ ಕತೆ ಬೇರೆ, ಬಿದ್ದದ್ದು ಹೇಳುವ ಕತೆ ಬೇರೆ. ಇದು ಅವರ ಮೊದಲ ಪಾಠವಾಗಿತ್ತು.

ಎರಡನೇ ಪಾಠ ಅವರು ಪುಸ್ತಕದಿಂದ ಮಾಡಲಿಲ್ಲ. “ನಿಮ್ಮ ಮತ್ತಿಗಿರಿಯಲ್ಲಿ ಒಂದು ಟೀ ಅಂಗಡಿ ಹಿಡೀರಿ. ನೆಲದಲ್ಲಿ ಬಿದ್ದ ಕಾಸು ಎಲ್ಲಾ ಎತ್ತಿಡಕ್ಕೆ ಹೇಳಿ. ಆಮೇಲೆ ಅದನ್ನ ಮಾತ್ರ ನೋಡಿ ಆ ಅಂಗಡಿ ಎಂಥದ್ದು ಅಂತ ಬರ್ಕೊಂಡು ಬನ್ನಿ” ಎಂದರು. ನಾನು ಬಸ್ ಸ್ಟಾಪಿನ ಪಕ್ಕದ ಟೀ ಅಂಗಡಿಯವನಿಗೆ ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಏನಣ್ಣಾ, ಓವರ್ ಟೈಮ್ ಸಿಗ್ತಿಲ್ವಾ? ಕಸದಾಗಿನ್ ಕಾಸ್ಗೆ ಬಂದ್ಬುಟ್ಟೆ?”

ಆದರೂ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಡುತ್ತಿದ್ದ. ತಿಂಗಳ ಕೊನೆಗೆ ನೋಡಿದರೆ ಬಾಟಲಿಯ ತಳವೂ ತುಂಬಿರಲಿಲ್ಲ. ಇದ್ದದ್ದೆಲ್ಲ ಒಂದು ರೂಪಾಯಿ, ಎರಡು ರೂಪಾಯಿಯ ಸಣ್ಣವು. ಹತ್ತರ ನಾಣ್ಯ ಒಂದೂ ಇಲ್ಲ. ದೊಡ್ಡದು ಬಿದ್ದರೆ ಮೇಜಿನಡಿ ಬಗ್ಗಿ ಹುಡುಕುತ್ತಾರೆ, ಚಿಕ್ಕದಕ್ಕೆ ಯಾರೂ ಬಗ್ಗುವುದಿಲ್ಲ. ಸಿಮೆಂಟ್ ನೆಲದಲ್ಲಿ ಬಿದ್ದದ್ದು ಸಿಕ್ಕಿಬಿಡುತ್ತದೆ. ಚರಂಡಿ ಮೇಲಿನ ಹಲಗೆಯ ಸಂದಿಗೆ ಬಿದ್ದದ್ದು ಮಾತ್ರ ಉಳಿಯುತ್ತದೆ. “ಮುಂಚೆ ದಿನಾ ಬೀಳೋವು. ಈಗ ಎಲ್ಲಾ ಸ್ಕ್ಯಾನ್. ಕಾಸು ತಂದ್ರಲ್ವಾ ಬೀಳಾದು” ಎಂದ ಅಂಗಡಿಯವನು. ಅವನ ಅಂಗಡಿಯಲ್ಲಿ ಮುಂಚಿಗಿಂತ ಜನ ಜಾಸ್ತಿಯೇ ಇದ್ದರು.

ನಾನು ಅದನ್ನೇ ಬರೆದುಕೊಂಡು ಹೋದೆ. ಮೇಡಮ್ ಓದಿ, ರೋಮಿನ ಊರುಗಳ ವಿಷಯದಲ್ಲೂ ಇದೇ ತಪ್ಪು ಆಗುತ್ತದೆ ಎಂದರು. ಒಂದು ಕಾಲದ ಕಾಸು ಕಡಿಮೆ ಸಿಕ್ಕರೆ ಊರು ಖಾಲಿಯಾಯಿತು ಎಂದು ಬರೆದುಬಿಡುತ್ತಾರೆ. ಊರು ಖಾಲಿಯಾಗಿರಬಹುದು, ಇಲ್ಲವೇ ಕಾಸಿನ ಬಳಕೆ ಬದಲಾಗಿರಬಹುದು. ಮತ್ತೆ, ಕಾಸಿನ ಮೇಲೆ ಯಾವ ದೊರೆಯ ತಲೆಯಿದೆಯೋ ಆ ದೊರೆಯ ಕಾಲದಲ್ಲೇ ಅದು ಬಿದ್ದಿತು ಎಂದೂ ಹೇಳುವ ಹಾಗಿಲ್ಲ. ಇದು ನನಗೆ ಬೇಗ ಅರ್ಥವಾಯಿತು. ನಮ್ಮ ಸೆಕ್ಷನ್ನಿನಲ್ಲಿ ಅಳತೆ ನೋಡುವ ಒಂದು ಗೇಜ್ ಇತ್ತು. ಅದರ ಮೇಲೆ ಕೊರೆದಿದ್ದ ವರ್ಷ ನಾನು ಕೆಲಸಕ್ಕೆ ಸೇರುವುದಕ್ಕಿಂತ ಎಷ್ಟೋ ಹಿಂದಿನದು. ಅಂಚು ಸವೆದು ಅದನ್ನು ತೆಗೆದುಹಾಕಿದ್ದು ಮೊನ್ನೆ ಮೊನ್ನೆ. ಕೊರೆದ ವರ್ಷ ಹುಟ್ಟಿದ್ದನ್ನು ಹೇಳುತ್ತದೆ, ಎಷ್ಟು ಕಾಲ ಕೈ ಬದಲಾಯಿಸಿತು ಎನ್ನುವುದನ್ನು ಸವೆತ ಹೇಳುತ್ತದೆ.

ಫೋಟೋ ಬಂದ ವಾರದ ಭಾನುವಾರ ಅಕ್ಕನ ಹಳ್ಳಿಗೆ ಹೋದೆ. ತಟ್ಟೆ ದೇವರ ಮೂಲೆಯಲ್ಲಿತ್ತು. ಅಕ್ಕ ಒಂದೊಂದಾಗಿ ನನ್ನ ಅಂಗೈಗೆ ಹಾಕಿದಳು. ಚೆನ್ನಾಗಿ ಸವೆದಿದ್ದವು. ಒಂದೆರಡರ ಮೇಲೆ ಮಾತ್ರ ಒಂದು ಕಡೆ ಮುಖದ ಗೆರೆ, ಹಿಂದೆ ನಿಂತ ಆಳುಗಳ ಆಕಾರ ಕಾಣುತ್ತಿತ್ತು. ರೋಮಿನ ಕೊನೆಗಾಲದ ಚಿಲ್ಲರೆ ಕಾಸು ಎಂದು ನನಗೆ ಅನ್ನಿಸಿತು. ಫೋಟೋ ತೆಗೆದು ಮೇಡಮ್‌ಗೆ ಕಳಿಸಿದೆ. ಅವರೂ ಹೌದು ಎಂದರು.

“ಅಕ್ಕ, ಭೂಮೀಲಿ ಸಿಕ್ಕಿದ್ನ ಸರ್ಕಾರಕ್ಕೆ ತಿಳಿಸ್ಬೇಕು” ಎಂದೆ.

“ತಿಳ್ಸು. ಪೇಪರ್ನಾಗೆ ಬತ್ತದಾ? ಬಂದ್ರೆ ನನ್ ಫೋಟೋ ಈ ಸೀರೇಲಿ ಬ್ಯಾಡ.”

ಭಾವ ಮಾತ್ರ ಬೀಡಿ ಆರಿಸಿ, “ತಿಳಿಸ್ದಿದ್ರೆ ಏನಾಯ್ತದೆ?” ಎಂದು ಕೇಳಿದರು. ತಪ್ಪಾಗುತ್ತದೆ ಎಂದೆ. ಅವರು ಮತ್ತೆ ಕೇಳಲಿಲ್ಲ. ನಾನು ಮೇಡಮ್‌ಗೆ ಹೇಳಿದೆ, ಅವರು ಪುರಾತತ್ವ ಇಲಾಖೆಗೆ ತಿಳಿಸಿದರು.

ಅದೇ ವಾರ ಇಲಾಖೆಯ ಅಧಿಕಾರಿ ಬಂದರು. ಇನ್ನೂ ಚಿಕ್ಕ ವಯಸ್ಸಿನವರು, ತಮಿಳಿನವರು, ಮಾತು ಮೆತ್ತಗೆ. ಪಾಯ ನೋಡಿದರು, ಕಾಸು ನೋಡಿದರು. ಇಲ್ಲಿ ಮೊದಲು ಮನೆ ಇತ್ತೇ, ಗುಡಿ ಇತ್ತೇ ಎಂದು ಭಾವನನ್ನು ಕೇಳಿದರು. ಇಲ್ಲ ಎಂದರು ಭಾವ. ಇಲ್ಲಿ ಹಳೆಯ ಊರೇನಾದರೂ ಇತ್ತೇ ಎಂದು ತಿಳಿಯುವವರೆಗೆ ಕೆಲಸ ನಿಲ್ಲಿಸಬೇಕೆಂದು ಅಧಿಕಾರಿ ಹೇಳಿದರು. ಇದ್ದದ್ದು ಖಚಿತವಾದರೆ ಈ ಮೂಲೆಯಲ್ಲಿ ಮನೆ ಕಟ್ಟುವ ಹಾಗಿಲ್ಲ. “ಕೋವಿಚ್ಚುಕ್ಕಾದೀಂಗಮ್ಮಾ, ಕೋಪ ಮಾಡ್ಕೋಬೇಡಿ” ಎಂದು ಅಕ್ಕನಿಗೆ ಎರಡು ಭಾಷೆಯಲ್ಲೂ ಹೇಳಿ ಹೋದರು.

ಅಕ್ಕ ಅವರ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. ನನಗೆ ಫೋನ್ ಮಾಡಿದಳು.

“ನಿನ್ ಓದು ಬಂದು ನನ್ ಮನೆ ಮೇಲೆ ಬಿತ್ತಲ್ಲೋ. ಮೇಸ್ತ್ರಿ ಡೆಂಕಣಿಕೋಟೆ ಕೆಲ್ಸಕ್ಕೆ ಒಪ್ಕಂಡ್ಬುಟ್ಟವ್ನೆ. ಸಿಮೆಂಟ್ ಮೂಟೆ ಕಲ್ಲಾಯ್ತಾ ಕುಂತವೆ. ನಾನ್ ಯಾರ್ನ ಕೇಳ್ಳಿ?”

“ಅಕ್ಕ, ಅದು ಕಾನೂನು...”

“ಕಾನೂನ್ನ ಮಡಗ್ಲಾ ಒಂದ್ಕಡೆ! ಎಂಟ್ನೇ ಕ್ಲಾಸ್ಗೇ ನಿಂತ್ಕಂಡಿದ್ರೆ ಚೆಂದಾಗಿದ್ದೆ ನೀನು.”

ತಿಳಿಸಿದ್ದು ತಪ್ಪೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಅಕ್ಕನ ಮನೆ ನಿಂತಿತ್ತು. ಅದನ್ನು ಮತ್ತೆ ಎಬ್ಬಿಸುವುದಾಗಲಿ, ಪೂರ್ತಿ ಮಲಗಿಸುವುದಾಗಲಿ ಆ ಕಾಸುಗಳನ್ನು ನಾವು ಹೇಗೆ ಓದುತ್ತೇವೆ ಎನ್ನುವುದರ ಮೇಲೆ ಇತ್ತು. ಕೆಲಮಂಗಲದ ಪಕ್ಕದಲ್ಲಿ ರೋಮಿನ ಕಾಸು ಓಡಾಡುತ್ತಿದ್ದ ಒಂದು ಊರು ಇತ್ತು ಎಂದಾದರೆ ನನ್ನ ಎಂಎ ಪ್ರಬಂಧಕ್ಕೆ ಅದಕ್ಕಿಂತ ದೊಡ್ಡ ವಿಷಯ ಬೇರೆ ಬೇಕಿರಲಿಲ್ಲ. ಹಾಗಾಗಿ ಒಂದೇ ಹೊಲದ ಬಗ್ಗೆ ಅಕ್ಕನಿಗೆ ಒಂದು ಉತ್ತರ ಬೇಕಾಗಿತ್ತು, ನನಗೆ ಇನ್ನೊಂದು.

ಕೃಷ್ಣಗಿರಿಗೆ ಬಸ್ ಹತ್ತಿದೆ. ಮೇಡಮ್ ಮನೆಯ ವರಾಂಡದಲ್ಲಿ ಕೂತು ಎಲ್ಲ ಹೇಳಿದೆ. ಅವರು ಕಾಸಿನ ವಿಷಯ ಬಿಟ್ಟು ಬೇರೆಯದನ್ನೆಲ್ಲ ಕೇಳಿದರು.

“ಪಾನೆ ಸಿಕ್ಕಿತಾ? ಮಡಕೆ?”

“ಇಲ್ಲ ಮೇಡಮ್.”

“ಒಡೆದ ಚೂರು?”

“ನಾನು ನೋಡ್ದಂಗೆ ಇಲ್ಲ.”

“ಬೂದಿ, ಇದ್ದಿಲು, ಮೂಳೆ, ಮಣಿ?”

“ಇಲ್ಲ.”

“ಹಾಗಾದ್ರೆ ಎಂಥಾ ಊರು ರೀ ಅದು? ಜನ ಕೈಯಲ್ಲಿ ಕಾಸು ಹಿಡ್ಕೊಂಡು ಬಂದ್ರು, ಬೀಳ್ಸಿದ್ರು, ಹೋದ್ರು. ಅಡುಗೆ ಮಾಡ್ಲಿಲ್ಲ, ಮಡಕೆ ಒಡೀಲಿಲ್ಲ, ಊಟ ಮಾಡ್ಲಿಲ್ಲ. ನಿಮ್ಮ ಟೀ ಅಂಗಡಿ ಅಗೆದ್ರೆ ಬರೀ ಕಾಸು ಸಿಗುತ್ತಾ? ಗ್ಲಾಸ್ ಚೂರು ಸಿಗಲ್ವಾ?”

ನನ್ನ ಪ್ರಬಂಧದ ಊರು ಅಲ್ಲೇ ಅರ್ಧ ಕುಸಿಯಿತು. ಆದರೆ ಊರಿಲ್ಲ ಎಂದೂ ಹೇಳಲಾಗುವುದಿಲ್ಲ, ಪಾಯ ತೋಡಿದ್ದು ಒಂದು ಮೂಲೆಯಲ್ಲಿ ಮಾತ್ರ. ಹುಣಸೆಹಣ್ಣು ಕಾಣದ ಕಾಸು ಒಂದಾದರೂ ಉಳಿದಿದೆಯೇ ಎಂದು ಕೇಳಿದರು ಮೇಡಮ್. ಅಗೆದು ಹಾಕಿದ ಮಣ್ಣಿನ ಗುಡ್ಡೆ ಹಾಗೇ ಇದೆ ಎಂದೆ. “ಹೋಗಿ ಜರಡಿ ಹಿಡೀರಿ” ಎಂದರು.

ಮುಂದಿನ ವಾರದ ರಜೆಯಲ್ಲಿ ಹೋದೆ. ಮೇಸ್ತ್ರಿ ಮರಳು ಸೋಸುವ ಜರಡಿಯನ್ನು ಅಲ್ಲೇ ಬಿಟ್ಟುಹೋಗಿದ್ದ. ಭಾವನೂ ನಾನೂ ಎರಡು ಕಡೆ ಹಿಡಿದು ಅಲ್ಲಾಡಿಸಿದೆವು. ಅಕ್ಕ ಬದುವಿನ ಮೇಲೆ ಕೂತು ನೋಡುತ್ತಿದ್ದಳು. ನನ್ನ ಜೊತೆ ಮಾತಾಡುತ್ತಿರಲಿಲ್ಲ. ನನಗೆ ಹೇಳಬೇಕಾದದ್ದನ್ನು ಭಾವನಿಗೆ ಹೇಳುತ್ತಿದ್ದಳು.

“ಕೇಳು ಅವ್ನ್ನ, ಇನ್ನೂ ಸಿಕ್ಕಿದ್ರೆ ಇಡೀ ಹೊಲಾನೇ ಬರ್ಕೊಂಡೋಯ್ತಾರಾ ಅಂತ.”

ಮಧ್ಯಾಹ್ನದ ಹೊತ್ತಿಗೆ ಜರಡಿಯಲ್ಲಿ ಒಂದು ಹೆಂಟೆ ಉಳಿಯಿತು. ಒಡೆಯದೆ ಕೈಗೆ ತೆಗೆದುಕೊಂಡೆ. ಅಂಚಿನಲ್ಲಿ ಹಸಿರು ಕಾಣುತ್ತಿತ್ತು. ಒಳಗೆ ಕಾಸು ಇತ್ತು, ಅದರ ಸುತ್ತ ಮಣ್ಣು ಕಪ್ಪಗೆ, ಒಣಗಿದ ಸಗಣಿಯಂತೆ ಬಿರುಕು ಬಿಟ್ಟಿತ್ತು. ಮಣ್ಣಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಬಸವನಹುಳುವಿನ ಚಿಪ್ಪು ಇತ್ತು. ಇಂಥ ಚಿಪ್ಪು ನೀರು ನಿಲ್ಲುವ ಕಡೆ ಇರುತ್ತದೆ. ನಮ್ಮದೆಲ್ಲ ಕೆಮ್ಮಣ್ಣಿನ ಸೀಮೆ.

“ಭಾವ, ಇದು ಈ ಹೊಲದ್ ಮಣ್ಣಲ್ಲ” ಎಂದೆ.

“ನಮ್ದೇ. ಗೋಡು ಅದು.”

“ಯಾವ ಗೋಡು?”

“ಕೆರೆ ಗೋಡು ಕಣಯ್ಯ. ಕೆರೆ ಒಣಗಿದ್ ವರ್ಷ ಟ್ರಾಕ್ಟ್ರಾಗೆ ತಂದ್ ಹೊಡ್ಸಿದ್ವಿ. ಇಡೀ ಊರೇ ಹೊಡೀತು. ಈ ಮೂಲೆ ತಗ್ಗಿತ್ತಲ್ಲ, ಇಲ್ಲಿಗೆ ಜಾಸ್ತಿ ಸುರಿದ್ವಿ.”

“ಆ ಆಫೀಸರ್ ಬಂದಾಗ ಹೇಳೋದಲ್ವಾ?”

“ಅವ್ರೆಲ್ಲಿ ಕೇಳುದ್ರು? ಮನೆ ಇತ್ತಾ ಅಂದ್ರು, ಇಲ್ಲ ಅಂದೆ. ಗುಡಿ ಇತ್ತಾ ಅಂದ್ರು, ಇಲ್ಲ ಅಂದೆ. ಯಾವ ಗೊಬ್ರ ಆಕಿದ್ದೆ ಅಂತ ಕೇಳಿದ್ರಾ?”

ನಾನೂ ಅದೇ ಸೀಮೆಯವನು. ಕೆರೆ ಒಣಗಿದಾಗ ತಳದ ಹೂಳನ್ನು ಹೊಲಕ್ಕೆ ಹೊಡೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಗೋಡು ಒಮ್ಮೆ ಹೊಲಕ್ಕೆ ಬಿದ್ದ ಮೇಲೆ ಅದು ಹೊಲದ್ದೇ. ಅದು ಬೇರೆ ಕಡೆಯಿಂದ ಬಂದ ಮಣ್ಣು ಎಂದು ನಮ್ಮಲ್ಲಿ ಯಾರ ಮನಸ್ಸಿನಲ್ಲೂ ಇರುವುದಿಲ್ಲ. ಭಾವನಿಗೆ ಇರಲಿಲ್ಲ, ಅಕ್ಕನಿಗೆ ಇರಲಿಲ್ಲ, ಕಾಸುಗಳ ಮೇಲೆ ಅಷ್ಟು ಓದಿದ ನನಗೂ ಇರಲಿಲ್ಲ.

ಅಕ್ಕ ಬದುವಿನಿಂದ ಎದ್ದು ಬಂದಳು. ಈಗ ನೇರವಾಗಿ ನನಗೇ ಹೇಳಿದಳು. “ಅಂಗಾರೆ ಈವತ್ತೇ ಫೋನ್ ಮಾಡ್ಲಾ. ಗೋಡ್ನಾಗೆ ಬಂದವೆ, ನಮ್ ಹೊಲದಾಗೆ ಏನೂ ಇಲ್ಲ ಅನ್ನು.”

ಮೇಡಮ್‌ಗೆ ಫೋನ್ ಮಾಡಿದೆ. ಅವರು ಹೆಂಟೆಯನ್ನು ಒಡೆಯಬೇಡಿ, ಡಬ್ಬದಲ್ಲಿ ಇಡಿ ಎಂದರು. ಆಮೇಲೆ, “ನೀವು ಆ ಅಮ್ಮನ ತಮ್ಮ” ಎಂದರು. “ನಿಮ್ಮ ಮನೆಯವರಿಗೆ ಬೇಕಾದ ಉತ್ತರಾನೇ ಸಿಕ್ಕಿದೆ. ಅದಕ್ಕೇ ಇನ್ನೊಂದು ಸಾರಿ ಕೇಳಬೇಕು. ಒಂದು ಹೆಂಟೆ ಸಾಕಾಗಲ್ಲ. ಗೋಡಿನ ಜೊತೆ ಬಂದಿದ್ರೆ ಕಾಸು ಗೋಡಲ್ಲಿ ಮಾತ್ರ ಇರಬೇಕು. ಅದರ ಕೆಳಗಿನ ಕೆಂಪು ಮಣ್ಣಲ್ಲಿ ಇರಬಾರದು. ಗೋಡು ಬೀಳದ ಜಾಗದಲ್ಲೂ ಇರಬಾರದು. ಅಗೆದು ನೋಡಲಿ, ಆಫೀಸರ್ ಮುಂದೆ.”

“ಕೆಂಪು ಮಣ್ಣಲ್ಲಿ ಸಿಕ್ಕಿದ್ರೆ?”

“ಸಿಕ್ಕಿದ್ರೆ ಸಿಕ್ಕಿತು.”

ಇದನ್ನು ಅಕ್ಕನಿಗೆ ಬಿಡಿಸಿ ಹೇಳಬೇಕಾಯಿತು. ಅಗೆದ ಗುಂಡಿಯಲ್ಲಿ ಕೆಳಗೆ ಏನೂ ಇಲ್ಲದಿದ್ದರೆ ಮನೆ ಏಳುತ್ತದೆ. ಒಂದು ಕಾಸು ಸಿಕ್ಕಿಬಿಟ್ಟರೆ ಮನೆ ಇಲ್ಲ, ಬಹುಶಃ ಯಾವತ್ತೂ ಇಲ್ಲ. ಅಗೆಯದೆ ಹಾಗೇ ಬಿಟ್ಟರೆ ಫೈಲು ಎಷ್ಟು ಕಾಲ ಓಡುತ್ತದೋ ಗೊತ್ತಿಲ್ಲ, ಆದರೆ ಆಸೆ ಇರುತ್ತದೆ. ಭಾವ, ಸ್ವಲ್ಪ ದಿನ ನೋಡೋಣ ಎಂದರು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಪಾಯದ ಕಡೆ ನೋಡಿದಳು.

“ಅಗೀಲಿ. ಇದ್ರೆ ಇರ್ಲಿ, ಇಲ್ದಿದ್ರೆ ಇಲ್ಲ. ಓರ್ಗಿತ್ತಿ ಒಲೆ ಬಿಡೋಗಂಟ ನಾನ್ ಕಾದಿದ್ದು ಸಾಲ್ದಾ, ಇದಕ್ಕೂ ಕಾಯ್ಬೇಕಾ?”

ಅಧಿಕಾರಿ ಕೂಲಿಯವರನ್ನು ಕರೆದುಕೊಂಡು ಬಂದರು. ಮೇಡಮ್ ಕೃಷ್ಣಗಿರಿಯಿಂದ ಬಸ್ಸಿನಲ್ಲಿ ಬಂದು, ಛತ್ರಿ ಹಿಡಿದುಕೊಂಡು ನಿಂತರು. ಮೊದಲು ಪಾಯದ ಗೋಡೆಯನ್ನು ಕರಣೆಯಿಂದ ಕೆರೆದು ಸಾಫು ಮಾಡಿದರು. ಆಗ ಸ್ಪಷ್ಟವಾಗಿ ಕಂಡಿತು. ಮೇಲೆ ಸುಮಾರು ಒಂದು ಮೊಳ ಕಪ್ಪು, ಅದರ ಕೆಳಗೆ ಕೆಂಪು, ಕೆಂಪಿನಲ್ಲಿ ನೊರಜುಕಲ್ಲು. ಎಷ್ಟು ದಿನದಿಂದ ನಾವೆಲ್ಲ ಆ ಪಾಯದ ಸುತ್ತ ಓಡಾಡಿದ್ದರೂ ಕಂಡಿರಲಿಲ್ಲ. ತೋಡುವಾಗ ಮೇಲಿನ ಮಣ್ಣು ಉದುರಿ ಗೋಡೆಗೆಲ್ಲ ಬಳಿದುಕೊಂಡಿತ್ತು. “ವಂಡಲ್” ಎಂದರು ಅಧಿಕಾರಿ, ತಮಿಳಿನಲ್ಲಿ ಹೂಳುಮಣ್ಣಿಗೆ ಹೇಳುವ ಮಾತು. ಅವರೂ ರೈತರ ಮನೆಯವರೇ ಎಂದು ಆಗ ಗೊತ್ತಾಯಿತು.

ಗೋಡು ಬೀಳದ ಮೇಲಿನ ಬದುವಿನ ಹತ್ತಿರ ಒಂದು ಗುಂಡಿ ತೆಗೆದರು. ಅಲ್ಲಿ ಕಲ್ಲು, ಬೇರು ಬಿಟ್ಟು ಏನೂ ಸಿಗಲಿಲ್ಲ. ಪಾಯದ ಪಕ್ಕದಲ್ಲಿ ಇನ್ನೊಂದು ತೆಗೆದರು. ಕಪ್ಪು ಮಣ್ಣನ್ನು ಪದರ ಪದರವಾಗಿ ಎತ್ತಿ ಜರಡಿ ಹಿಡಿದರು. ಅಲ್ಲಿ ಒಂದು ಕಾಸು, ಒಂದು ತೂತಿನ ಮಣಿ, ಅಂಗಿಯ ಒಂದು ಪ್ಲಾಸ್ಟಿಕ್ ಗುಂಡಿ ಸಿಕ್ಕವು. ಮಣಿಯೂ ಪ್ಲಾಸ್ಟಿಕ್ಕಿನದೇ. ಎಲ್ಲ ಕಾಲದ್ದೂ ಒಟ್ಟಿಗೆ ಕಲೆತಿದ್ದವು. ಕೆರೆಗೆ ಏನೇನು ಬಿದ್ದಿತೋ ಅದೆಲ್ಲ. ಆಮೇಲೆ ಕೆಂಪಿಗೆ ಇಳಿದರು.

ಕೆಂಪಿನಲ್ಲಿ ಒಂದು ಗೇಣು ಹೋದ ಮೇಲೆ ಕೂಲಿಯವನ ಕೈ ನಿಂತಿತು. “ಸಾರ್” ಎಂದ.

ಬಗ್ಗಿ ನೋಡಿದೆ. ಹಸಿರು ಚುಕ್ಕೆ. ಕೆಂಪು ಮಣ್ಣಿನ ನಡುವೆ ಕಾಸು ಕೂತಿತ್ತು.

ಭಾವ ಟವೆಲ್ ತೆಗೆದು ಹೆಗಲು ಬದಲಾಯಿಸಿದರು. ಅಕ್ಕ ಜಲ್ಲಿಯ ಗುಡ್ಡೆಯ ಮೇಲೆ ಕೂತುಬಿಟ್ಟಳು. ನನ್ನ ಪ್ರಬಂಧ ನನ್ನ ಕಣ್ಣ ಮುಂದೆಯೇ ಮತ್ತೆ ಎದ್ದು ನಿಂತಿತ್ತು, ಅದರಿಂದ ಸಂತೋಷವಾಗಲಿಲ್ಲ.

ಮೇಡಮ್ ಮಾತ್ರ, “ಎತ್ತಬೇಡಿ. ಸುತ್ತಾ ಕೆರೀರಿ” ಎಂದರು.

ಅಧಿಕಾರಿ ಮೊಣಕಾಲೂರಿ ಕೂತು, ಬಣ್ಣ ಬಳಿಯುವಂಥ ಬ್ರಷ್ಷಿನಿಂದ ಕಾಸಿನ ಸುತ್ತ ನಿಧಾನವಾಗಿ ಒರೆಸಿದರು. ಕಾಸಿನ ಕೆಳಗೂ ಪಕ್ಕಕ್ಕೂ ಕಪ್ಪು ಮಣ್ಣು ಕಂಡಿತು. ಮುಷ್ಟಿಯಷ್ಟು ಅಗಲದ ಒಂದು ಕಪ್ಪು ದುಂಡು. ಕರಣೆಯ ತುದಿಯಿಂದ ಅದನ್ನು ಹಿಂಬಾಲಿಸಿದರು. ಅದು ಓರೆಯಾಗಿ ಮೇಲಕ್ಕೆ ಹೋಗಿ ಗೋಡಿನ ಪದರಕ್ಕೆ ಸೇರಿಕೊಂಡಿತು. ಕೆಂಪು ಗಟ್ಟಿ, ಈ ದುಂಡಿನೊಳಗಿನದು ಮಾತ್ರ ಮೆತ್ತಗೆ. ಅದರ ತಳದಲ್ಲಿ ಒಣ ಹುಲ್ಲು, ರಾಗಿ ತೆನೆಯ ಹೊಟ್ಟು ಇದ್ದವು.

“ಎಲಿ ವಳೈ” ಎಂದರು ಅಧಿಕಾರಿ.

“ಇಲಿ ಬಿಲ!” ಎಂದರು ಭಾವ ಅವರ ಜೊತೆಗೇ. “ತೆನೆ ಕದ್ದಿದ್ದು ಸಾಲ್ದು ಅಂತ ಕಾಸ್ನೂ ಇಳಿಸ್ಕಂಡವೆ ನನ್ ಮಕ್ಳು!”

ಮೇಡಮ್ ನಕ್ಕರು. ಅಕ್ಕ ನಗಲಿಲ್ಲ. “ಅಂಗಂದ್ರೆ?” ಎಂದಳು.

ಇಲಿ ತೋಡಿದ ಬಿಲದೊಳಕ್ಕೆ ಮೇಲಿನ ಗೋಡು ಉದುರಿ ತುಂಬಿಕೊಂಡಿದೆ, ಅದರ ಜೊತೆ ಕಾಸೂ ಜಾರಿದೆ ಎಂದು ಹೇಳಿದೆ. ಹಾಗಾಗಿ ಅದು ಕೆಂಪಿನ ಕಾಸಲ್ಲ, ಗೋಡಿನದೇ. ಅಕ್ಕ ನನ್ನನ್ನು ನಂಬಲಿಲ್ಲ. ಅಧಿಕಾರಿಯ ಮುಖ ನೋಡಿದಳು. ಅವರು ಹೌದೆಂದು ತಲೆ ಆಡಿಸಿದರು. ಆದರೂ ಗುಂಡಿಯನ್ನು ಇನ್ನೂ ಒಂದು ಮೊಳ ಇಳಿಸಿದರು. ಏನೂ ಬರಲಿಲ್ಲ. ಸಂಜೆವರೆಗೂ ಅಕ್ಕ ಆ ಜಲ್ಲಿಯ ಮೇಲಿಂದ ಏಳಲಿಲ್ಲ.

ಕೆಲಸ ಶುರು ಮಾಡಬಹುದು ಎಂದು ಕಾಗದ ಬರಲು ಸ್ವಲ್ಪ ಕಾಲ ಹಿಡಿಯಿತು. ಅಷ್ಟರಲ್ಲಿ ಕೆಲವು ಸಿಮೆಂಟ್ ಮೂಟೆ ಗಟ್ಟಿಯಾಗಿದ್ದವು. ಭಾವ ಅವನ್ನು ಕೊಟ್ಟಿಗೆಯ ಮುಂದೆ ಮೆಟ್ಟಿಲಿನ ಹಾಗೆ ಹಾಕಿಕೊಂಡರು. ಅಧಿಕಾರಿ ಕಾಗದದ ಜೊತೆಗೇ ಕಾಸುಗಳನ್ನು ತೆಗೆದುಕೊಂಡು ಹೋಗಲು ಬಂದರು. ಅಕ್ಕ ದೇವರ ಮೂಲೆಯಿಂದ ತಟ್ಟೆ ತಂದು ಕೈಯಲ್ಲಿ ಹಿಡಿದೇ ನಿಂತಿದ್ದಳು.

“ಪೂಜೆ ಮಾಡಿದ್ದು. ಅಂಗೇ ಕೊಡಕ್ಕಾಯ್ತದಾ?”

“ಮನೇಲಿ ಮಡಿಕ್ಕಳ್ಳಂಗಿಲ್ಲ ಅಕ್ಕ” ಎಂದೆ.

“ಮಡಿಕ್ಕಂತೀನಿ ಅಂದ್ನಾ ನಾನು? ಕುಂಕ್ಮ ತೊಳೀಬೇಕಾ ಅಂತ ಕೇಳಿದ್ದು.”

ತೊಳೆಯುವುದು ಬೇಡ ಎಂದರು ಅಧಿಕಾರಿ, ಸ್ವಲ್ಪ ಅವಸರವಾಗಿಯೇ. ಒಂದೊಂದನ್ನೂ ಸಣ್ಣ ಕವರಿಗೆ ಹಾಕಿ ಚೀಟಿ ಬರೆದರು. ಸಿಕ್ಕಿದ ಜಾಗ ಎಂಬಲ್ಲಿ ಹೊಲದ ಗುರುತು. ಬಂದ ದಾರಿ ಎಂಬಲ್ಲಿ ಕೆರೆಯ ಹೂಳು. ಬಿದ್ದ ಜಾಗ ಎಂಬಲ್ಲಿ ಏನು ಬರೆಯಬೇಕೆಂದು ಮೇಡಮ್‌ಗೆ ಫೋನ್ ಮಾಡಿ ಕೇಳಿದರು. ತಿಳಿಯದು ಎಂದು ಬರೆಯಿರಿ ಎಂದರು ಮೇಡಮ್.

ನನ್ನ ಪ್ರಬಂಧವೂ ಈಗ ಅದೇ ಆಗಿದೆ. ಕೆಲಮಂಗಲದ ಪಕ್ಕದ ಒಂದು ಹೊಲದಲ್ಲಿ ಸಿಕ್ಕ ಕಾಸುಗಳಿಂದ ಆ ಹೊಲದ ಬಗ್ಗೆ ಏನೂ ತಿಳಿಯುವುದಿಲ್ಲ ಎನ್ನುವುದು ಅದರ ವಿಷಯ. ಬರೆದದ್ದು ನಲವತ್ತು ಪುಟ ದಾಟಿಲ್ಲ. ಮೇಡಮ್ ಸಾಕು ಎಂದಿದ್ದಾರೆ.

ಮೇಸ್ತ್ರಿ ಡೆಂಕಣಿಕೋಟೆಯ ಕೆಲಸ ಮುಗಿಸಿ ವಾಪಸ್ ಬಂದ ಮೇಲೆ ಒಂದು ಭಾನುವಾರ ನಾನೂ ಹೋಗಿದ್ದೆ. ಪಾಯದ ಕಲ್ಲು ಕಟ್ಟಿ ಮೇಲೆ ಬಂದಿದ್ದರು. ಅಡುಗೆಮನೆಗೆ ಗೋಡೆ ಏಳುವ ಜಾಗದಲ್ಲಿ ಅಕ್ಕ ನಿಂತು, ಒಲೆ ಇಲ್ಲಿ, ಕಿಟಕಿ ಇಲ್ಲಿ ಎಂದು ಮೇಸ್ತ್ರಿಗೆ ಕೈಯಲ್ಲಿ ತೋರಿಸುತ್ತಿದ್ದಳು. ಅವನು ಬೇಡ, ಕಿಟಕಿ ಆ ಕಡೆ ಬಂದರೆ ರಸ್ತೆ ಧೂಳು ಎನ್ನುತ್ತಿದ್ದ. ಅವಳು ಕೇಳಲಿಲ್ಲ.

ನನ್ನನ್ನು ನೋಡಿ, “ಅಂಗಾರೆ ಆ ಕಾಸು ಎಲ್ಲೀವು ಕಣ್ಲಾ?” ಎಂದಳು.

ಕೆರೆಗೆ ನೀರು ಎಲ್ಲೆಲ್ಲಿಂದ ಹರಿದು ಬರುತ್ತದೋ ಅಲ್ಲಿ ಎಲ್ಲೋ ಬಿದ್ದಿರಬೇಕು ಎಂದೆ. ಮೇಲಿನ ಹೊಲಗಳು, ಕಾಲುವೆ, ಗುಡ್ಡದ ಬುಡ. ಈ ಬೇಸಿಗೆಗೆ ಕೆರೆ ಬತ್ತಿದರೆ ಅಧಿಕಾರಿಯೂ ನಾನೂ ಹೋಗಿ ನೋಡುವ ಮಾತಾಗಿದೆ ಎಂದೂ ಹೇಳಿದೆ.

“ನೋಡ್ಕೋ. ಏನಾದ್ರೂ ಸಿಕ್ಕಿದ್ರೆ ನನ್ ತಾರ್ಸಿ ಆಗೋಗಂಟ ಬಾಯ್ ಬಿಡ್ಬ್ಯಾಡ.”

“ಅಂಗೇಳಕ್ಕಾಗಲ್ಲ ಅಕ್ಕ.”

“ಗೊತ್ತು ಕಣ್ಲಾ” ಎಂದಳು. ಮೇಸ್ತ್ರಿಯ ಕೈಯಿಂದ ದಾರದ ತುದಿ ತೆಗೆದು ನನ್ನ ಕೈಗೆ ಕೊಟ್ಟು, ಆ ಮೂಲೆಗೆ ಹೋಗಿ ನೇರವಾಗಿ ಹಿಡಿದು ನಿಲ್ಲು ಎಂದಳು. ಹೋಗಿ ಹಿಡಿದು ನಿಂತೆ. ಮೇಸ್ತ್ರಿ ದಾರವನ್ನು ಎರಡು ಸಲ ಮೀಟಿ ನೋಡಿ, ಮೊದಲ ಇಟ್ಟಿಗೆ ಇಟ್ಟ.